ಕೋಲಕ್ಕ ಮತ್ತು ಗುಡ್ಡದಾಚೆಯ ತಂಗಿ

ಗುಡ್ಡ ಅಂದರೆ ಹೇಳಿಕೊಳ್ಳುವಂಥ ಗುಡ್ಡವೇನಲ್ಲ ಬಿಡಿ. ಅದನ್ನೇ ನೋಡಬೇಕೆಂದು ಮನೆಯಿಂದ ಹೊರಟವರು ಬಹಳ ಕಡಿಮೆ. ಇನ್ನೂ ಮುಂದೆ ಇರುವ ದೊಡ್ಡ ಜಲಪಾತಕ್ಕೆ ಹೊರಟವರು, ಹೊತ್ತು ಮಿಕ್ಕಿದರೆ 'ಇದನ್ನೂ ಒಂದು ನೋಡಿಬಿಡೋಣ' ಎಂದು ಇಳಿಯುವ ಜಾಗ ಅದು. ತುದಿಯಲ್ಲೊಂದು ಬಂಡೆ, ಬಂಡೆಯಲ್ಲೊಂದು ತೂತು. ಗಾಳಿ ಸರಿಯಾದ ದಿಕ್ಕಿನಿಂದ ಬೀಸಿದರೆ ಆ ತೂತು ಸಿಳ್ಳೆ ಹಾಕುತ್ತದೆ. ಬೀಸದಿದ್ದರೆ ಸುಮ್ಮನಿರುತ್ತದೆ. ಹೆಚ್ಚಿನ ದಿನ ಸುಮ್ಮನೇ ಇರುತ್ತದೆ. ಏದುಸಿರು ಬಿಡುತ್ತಾ ಹತ್ತಿದವರು ತೂತಿಗೆ ಕಿವಿ ಕೊಟ್ಟು, ಬಾಯಿ ಕೊಟ್ಟು, ಕೊನೆಗೆ ತಾವೇ ಒಂದು ಸಿಳ್ಳೆ ಹೊಡೆದು ಇಳಿದು ಹೋಗುತ್ತಾರೆ.

ಗುಡ್ಡದ ಈ ಕಡೆಗೊಂದು ಊರು, ಆ ಕಡೆಗೊಂದು ಊರು. ಬಂಡೆಯ ಮುಖ ನಮ್ಮ ಕಡೆಗಿದೆ, ಬೆನ್ನು ನಿಮ್ಮ ಕಡೆಗಿದೆ ಎಂದು ಈ ಊರಿನವರು. ಅಯ್ಯೋ, ನಿಮಗೆ ತೋರಿಸಿರೋದು ಬೆನ್ನಲ್ಲ, ಅದರ ಕೆಳಗಿನದು ಎಂದು ಆ ಊರಿನವರು. ಈ ಜಗಳ ಇವತ್ತಿಗೂ ತೀರ್ಮಾನವಾಗಿಲ್ಲ. ಎರಡೂ ಊರಿಗೆ ಸೇರಿ ಒಂದು ಬಸ್ಸು. ಅದು ಬೆಳಿಗ್ಗೆ ಆ ಕಡೆಯಿಂದ ಈ ಊರಿನ ಮೇಲೆ ಪೇಟೆಗೆ ಹೋಗಿ, ನೋಡಲು ಬಂದವರನ್ನು ತಂದು ಈ ಕಡೆ ಇಳಿಸಿ, ಗುಡ್ಡವನ್ನು ಸುತ್ತು ಹಾಕಿ, ಆ ಕಡೆ ಹೋಗಿ ನಿಲ್ಲುತ್ತದೆ. ಜನ ಇಲ್ಲಿಂದ ಹತ್ತಿ, ಅಲ್ಲಿ ಇಳಿದು, ಮತ್ತೆ ಅದೇ ಬಸ್ಸು ಹಿಡಿಯುತ್ತಾರೆ.

ಹತ್ತುವ ಜಾಗದಲ್ಲೇ ಕೋಲಕ್ಕನ ಮನೆ. ಮುಂದಿನ ಕೋಣೆಯಲ್ಲಿ ಅವಳ ಗಂಡ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತಾ ಕೂತಿರುತ್ತಾನೆ. ಅವನ ಬಲಕ್ಕೆ ಬಟ್ಟೆ ಚೂರುಗಳ ಗುಡ್ಡೆ, ಎಡಕ್ಕೆ ಗೋಡೆಗೆ ಒರಗಿಸಿದ ಕೋಲುಗಳ ಸಾಲು. ಜಗುಲಿಯಲ್ಲಿ ಕೋಲಕ್ಕ. ಬಸ್ಸಿನಿಂದ ಇಳಿದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳೆಂದರೆ ಯಾರಿಗೆ ಎಷ್ಟುದ್ದದ ಕೋಲು ಎಂದು ಗೊತ್ತಾಗಿಬಿಡುತ್ತದೆ. ಹೊಟ್ಟೆ ಮುಂದೆ ಬಿಟ್ಟುಕೊಂಡು ಬಂದವರಿಗೆ, "ನಿಮಗೆ ಒಂದು ಸಾಲಲ್ಲ ಸ್ವಾಮಿ, ಎರಡು ಹಿಡೀರಿ" ಎನ್ನುತ್ತಾಳೆ. ಹೊಸದಾಗಿ ಮದುವೆಯಾದವರಿಗೆ ಮಾತ್ರ ಇಬ್ಬರಿಗೂ ಸೇರಿ ಒಂದೇ ಕೋಲು. ಕೇಳಿದರೆ, "ಇನ್ನೊಂದು ಕೈಗೆ ಕೆಲಸ ಇಲ್ವೇನಮ್ಮಾ?" ಎಂದು ನಗುತ್ತಾಳೆ. ಕೋಲಿಗೆ ಇಷ್ಟು ಅಂತ ದರವಿಲ್ಲ. ಕೊಟ್ಟರೆ ತಗೊಂಡಳು, ಕೊಡದಿದ್ದರೆ ಬೆನ್ನ ಹಿಂದೆ ನಾಲ್ಕು ಬೈದಳು, ಅಷ್ಟೇ. ಇಳಿದು ಬಂದವರು "ಸಿಳ್ಳೆ ಕೇಳಲೇ ಇಲ್ಲ" ಎಂದು ಯಾವತ್ತಾದರೂ ಸಿಕ್ಕಿ ದೂರಿದರೆ, ಅವಳ ಉತ್ತರ ಒಂದೇ: "ನೀವು ನಿನ್ನೆ ಬರಬೇಕಿತ್ತು."

ಈ ಕೋಲು ಕೊಡುವುದು ಶುರುವಾದದ್ದು ಹೀಗೆ. ಬಹಳ ಹಿಂದೆ, ಒಬ್ಬ ವಯಸ್ಸಾದ ಹೆಂಗಸು ಹತ್ತಲಾರದೆ ಜಗುಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಜೊತೆಯವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಇವಳಿಗೆ ತಡೆಯಲಿಲ್ಲ. ಹಿತ್ತಲಲ್ಲಿ ಬಟ್ಟೆ ಹರವುವ ತಂತಿಗೆ ಆಸರೆ ಕೊಟ್ಟಿದ್ದ ಕೋಲನ್ನೇ ಕಿತ್ತು ತಂದು ಕೈಗೆ ಕೊಟ್ಟಳು. ಒದ್ದೆ ಬಟ್ಟೆಯೆಲ್ಲ ಮಣ್ಣಿಗೆ ಬಿತ್ತು. ಆಯಮ್ಮ ಕೋಲೂರಿ ಹತ್ತಿ, ಆ ಕಡೆ ಇಳಿದು, ಕೋಲನ್ನು ಬಸ್‌ಸ್ಟಾಪಿನ ಟೀ ಅಂಗಡಿಗೆ ಒರಗಿಸಿ ಊರಿಗೆ ಹೋದರು. ಟೀ ಅಂಗಡಿ ಕೋಲಕ್ಕನ ತಂಗಿಯದು. ಎಷ್ಟೋ ಸಲ ಬಂದು ಬಟ್ಟೆ ಹರವಿದ ತಂತಿಯ ಕೋಲು ತಂಗಿಗೆ ಗುರುತು ಸಿಗದಿರುತ್ತದೆಯೇ? ಅವತ್ತೇ ಬಸ್ಸಿಗೆ ಹಾಕಿ ವಾಪಸು ಕಳಿಸಿದಳು. ಅಲ್ಲಿಂದ ಮುಂದೆ ಕೋಲಕ್ಕ ಕೋಲು ಕಡಿಯುವುದು, ತೊಗಟೆ ಸುಲಿಯುವುದು, ಹಿಡಿಯ ಅಂಚು ಅಂಗೈಗೆ ಚುಚ್ಚದಂತೆ ಸುತ್ತ ಹೆರೆದು ಕೊಡುವುದು. ತಂಗಿ ಇಳಿದು ಬಂದವರಿಂದ ಕೋಲು ಇಸಿದುಕೊಂಡು, ಹುರಿಯಲ್ಲಿ ಕಟ್ಟಿ, ಸಂಜೆ ಬಸ್ಸಿನ ತಲೆಯ ಮೇಲೆ ಹಾಕಿ ಕಳಿಸುವುದು. ಕಟ್ಟಿನ ನಡುವೆ ಒಮ್ಮೊಮ್ಮೆ ಒಂದು ಪೊಟ್ಟಣ ಸಕ್ಕರೆ, ಒಮ್ಮೊಮ್ಮೆ ಹೊಲಿಯಲು ಕೊಟ್ಟ ರವಿಕೆ ಬಟ್ಟೆ, ಜೊತೆಗೆ ಡ್ರೈವರ್ ಬಾಯಲ್ಲಿ ಹತ್ತು ಮಾತು.

ತಂಗಿ ಎಂದರೆ ಕೋಲಕ್ಕನಿಗೆ ಬರೀ ತಂಗಿಯಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವಳನ್ನು ಸೊಂಟದ ಮೇಲೆ ಹೊತ್ತು, ಗಂಜಿ ಕುಡಿಸಿ, ತಲೆ ಬಾಚಿ, ಕೊನೆಗೆ ಹಟ ಹಿಡಿದು ಗುಡ್ಡದಾಚೆಯ ಊರಿಗೇ ಮದುವೆ ಮಾಡಿ ಕೊಟ್ಟವಳು ಇವಳು. ದೂರದ ಸಂಬಂಧಗಳು ಬಂದಿದ್ದವು. "ನನ್ನ ಕೂಗು ಕೇಳೋವಷ್ಟು ಹತ್ತಿರ ಇರ್ಲಿ" ಎಂದು ಎಲ್ಲವನ್ನೂ ಬೇಡವೆಂದಿದ್ದಳು. ಅವಳಿಗೆ ಕಲಿಸಲಾಗದೆ ಹೋದದ್ದು ಒಂದೇ, ಕೋಲು ಹೆರೆಯುವುದು. ತಂಗಿ ಎಡಗೈಯವಳು. ಬಲಗೈಯವಳು ಎದುರಿಗೆ ಕೂತು ತೋರಿಸಿದ್ದೆಲ್ಲ ಅವಳ ಕೈಯಲ್ಲಿ ತಲೆಕೆಳಗಾಗುತ್ತಿತ್ತು. "ಬಿಡೇ ಎಡಚಿ, ನೀನು ಟೀ ಕಾಯಿಸು" ಎಂದು ಮಚ್ಚು ಕಿತ್ತಿಟ್ಟಿದ್ದಳು.

ಇಷ್ಟು ಚೆನ್ನಾಗಿದ್ದವರಿಗೆ ಯಾರ ಕಣ್ಣು ಬಿತ್ತೋ! ಒಂದು ದಿನ ಪೇಪರಿನವನೊಬ್ಬ ಆ ಕಡೆ ಬಂದು ಟೀ ಕುಡಿದ. ಕೋಲಿನ ಕಟ್ಟು ನೋಡಿದ, ಇದೇನೆಂದು ಕೇಳಿದ, ಫೋಟೋ ತೆಗೆದ. ಮರುವಾರ ಪೇಪರಿನಲ್ಲಿ ತಂಗಿ ಕೋಲಿನ ಕಟ್ಟನ್ನು ತಬ್ಬಿಕೊಂಡು ಹಲ್ಲು ಬಿಟ್ಟು ನಗುತ್ತಿರುವ ಚಿತ್ರ. ಕೆಳಗೆ, ಗುಡ್ಡ ಹತ್ತುವವರಿಗೆ ಕೋಲು ಕೊಡುವ ಈ ಒಳ್ಳೆಯ ಕೆಲಸವನ್ನು ಶುರು ಮಾಡಿದ ಮಹಿಳೆ ಇವರೇ ಎಂದು ಬರೆದಿತ್ತು. ಟೈಲರ್, ಪಾಪ, ಮುಂದಾಗುವುದು ಗೊತ್ತಿಲ್ಲದೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಓದಿ ಮುಗಿಸಿ ತಲೆಯೆತ್ತಿದರೆ ಹೆಂಡತಿ ಜಗುಲಿಯಲ್ಲಿರಲಿಲ್ಲ, ಬಸ್ಸಿನಲ್ಲಿದ್ದಳು.

ಟೀ ಅಂಗಡಿಯ ಮುಂದೆ, ಕುಡಿಯುವವರ ನಡುವೆಯೇ ನಿಂತು ಕೋಲಕ್ಕ ಶುರು ಮಾಡಿದಳು. "ಕೋಲು ಕಡಿದೋಳು ನಾನು! ಕೈಯೆಲ್ಲ ಗಾಯ ಮಾಡ್ಕೊಂಡೋಳು ನಾನು! ಪೇಪರಲ್ಲಿ ಹಲ್ಲು ಬಿಡೋಳು ನೀನಾ?"

"ನಾನೆಲ್ಲಿ ಹಾಗೆ ಹೇಳಿದೆ? ಅಕ್ಕನೂ ಇದಾಳೆ ಅಂದೆ, ಅವನು ಬರ್ಕೊಳ್ಳಲಿಲ್ಲ" ಎಂದಳು ತಂಗಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಅಷ್ಟಕ್ಕೂ ಅದರಲ್ಲಿ ಸುಳ್ಳೇನಿದೆ? ಕೊಟ್ಟಿದ್ದು ನೀನೇ ಇರಬಹುದು. ವಾಪಸ್ ಕಳಿಸಿದ್ದು ಯಾರು?"

"ಹೌದೇ? ನಿನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಕ್ಕೆ ಒಳ್ಳೇ ಮಾತು ಆಡಿದೆ ಕಣೇ."

"ಹೊತ್ತಿದ್ದನ್ನ ಇನ್ನೂ ಎಷ್ಟು ಸಲ ಹೇಳ್ತೀಯಕ್ಕಾ? ಸಾಕು, ಇಳಿಸು ಕೆಳಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಲಕ್ಕ ತಿರುಗಿ ಬಸ್ಸು ಹತ್ತಿದಳು. ಅವತ್ತು ನಿಂತ ಮಾತು ವರ್ಷಗಟ್ಟಲೆ ನಿಂತೇ ಹೋಯಿತು.

ಆದರೆ ಕೋಲು ನಿಲ್ಲಲಿಲ್ಲ ನೋಡಿ. ಮರುದಿನ ಬೆಳಿಗ್ಗೆ ಜನ ಬಂದರು, ಕೋಲಕ್ಕ ಕೋಲು ಕೊಟ್ಟಳು. ಸಂಜೆ ಬಸ್ಸಿನ ತಲೆಯ ಮೇಲೆ ಕಟ್ಟು ಬಂತು. ಸಕ್ಕರೆ ಪೊಟ್ಟಣ ಇಲ್ಲ, ರವಿಕೆ ಬಟ್ಟೆ ಇಲ್ಲ, ಮಾತೂ ಇಲ್ಲ. ಬರೀ ಕೋಲು. ಕೋಲಕ್ಕ ಮೂತಿ ತಿರುವುತ್ತಲೇ ಕಟ್ಟು ಬಿಚ್ಚಿ ಗೋಡೆಗೆ ಒರಗಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಂದೊಂದು ದಿನ ಡ್ರೈವರನ್ನು ನಿಲ್ಲಿಸಿ, ಯಾರ ವಿಷಯವೂ ಅಲ್ಲವೆಂಬಂತೆ ಕೇಳುತ್ತಿದ್ದಳು: "ಆ ಕಡೆಯವರೆಲ್ಲ ಚೆನ್ನಾಗಿದ್ದಾರೇನಪ್ಪಾ?" ಅವನು ಚೇಷ್ಟೆಯ ಮನುಷ್ಯ. "ಯಾರಕ್ಕಾ? ಊರಲ್ಲಿ ಬಹಳ ಜನ ಇದ್ದಾರೆ" ಎನ್ನುತ್ತಿದ್ದ. "ಹೋಗತ್ಲಾಗೆ" ಎಂದು ಬೈದು ಒಳಗೆ ಹೋಗುತ್ತಿದ್ದಳು. ಅವನು ಹಿಂದಿನಿಂದ ಕೂಗುತ್ತಿದ್ದ: "ಚೆನ್ನಾಗಿದ್ದಾಳೆ! ಕೆಮ್ಮು ಇತ್ತು, ಈಗ ಕಡಿಮೆ!" ಆಮೇಲೆಯೇ ಅವಳಿಗೆ ಊಟ ಸೇರುತ್ತಿದ್ದದ್ದು.

ಅಷ್ಟರಲ್ಲಿ ಯಾರಿಗೋ ಗುಡ್ಡದ ಮೇಲೆ ಪ್ರೀತಿ ಉಕ್ಕಿತು. ಮೂರನೆಯ ಮಗ್ಗುಲಿನಿಂದ ತುದಿಯವರೆಗೂ ಟಾರು ರಸ್ತೆ ಮಾಡಿದರು. ಕಾರಿನಲ್ಲಿ ಬಂದವರು ಬಂಡೆಯ ಬುಡದಲ್ಲೇ ಇಳಿದು, "ಇಷ್ಟೇನಾ?" ಎಂದು ಮತ್ತೆ ಕಾರು ಹತ್ತಿ ಹೋಗತೊಡಗಿದರು. ಎರಡು ಊರುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಬೆಳಗಿನ ಬಸ್ಸು ಖಾಲಿ ಬರತೊಡಗಿತು. ಎರಡೂ ಊರಿನವರು ಜೀವಮಾನದಲ್ಲಿ ಮೊದಲ ಸಲ ಒಂದಾಗಿ ರಸ್ತೆ ಮಾಡಿದವರನ್ನು ಶಪಿಸಿದರು. ಕೋಲಕ್ಕ ಶಪಿಸಲಿಲ್ಲ, ಹೆದರಿದಳು. ಜನ ಬರದಿದ್ದರೆ ಹೋಗಲಿ, ಟೈಲರ್ ದುಡಿಮೆಯಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ಆದರೆ ಕೋಲು ಹೋಗದಿದ್ದರೆ ಕೋಲು ಬರುವುದೆಲ್ಲಿಂದ? ತಂಗಿಗೂ ತನಗೂ ಮಧ್ಯೆ ಉಳಿದಿರುವುದು ಅದೊಂದೇ. ಅದೂ ನಿಂತರೆ ತಂಗಿ ಪೂರ್ತಿ ಹೋದಂತೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಟೈಲರಿಗೆ ಗೊತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಕೋಲಕ್ಕನ ದಾನ. ಗುಡ್ಡದ ಕಡೆ ಮುಖ ಮಾಡಿದ ಯಾರನ್ನೂ ಬಿಡುತ್ತಿರಲಿಲ್ಲ. ಹುಲ್ಲು ಕೊಯ್ಯಲು ಹೋಗುವ ಹೆಂಗಸರಿಗೆ ಕೋಲು. ಸೌದೆಗೆ ಹೋಗುವವರಿಗೆ ಕೋಲು. ದಿನಕ್ಕೆರಡು ಸಲ ಗುಡ್ಡ ಹತ್ತಿಳಿಯುವ ಆಡು ಕಾಯುವವನಿಗೂ ಕೋಲು.

"ನನ್ನ ಕೈಲಿ ಕೋಲು ಇದ್ಯಲ್ಲಕ್ಕಾ" ಎಂದ ಅವನು.

"ಅದು ಆಡಿಗೆ. ಇದು ನಿನಗೆ. ಹಿಡ್ಕೋ. ಆ ಕಡೆ ಇಳಿದಾಗ ಟೀ ಅಂಗಡೀಲಿ ಇಟ್ಟು ಬಾ."

"ಆಯ್ತಕ್ಕಾ" ಎನ್ನುತ್ತಿದ್ದರು ಎಲ್ಲರೂ. ಕೋಲಕ್ಕನ ಬಾಯಿಗೆ ಹೆದರದೆ ಇಲ್ಲವೆನ್ನುವವರು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಟ್ಟು ತಪ್ಪದೆ ಬರುತ್ತಿತ್ತು. ಅದೂ ಮೊದಲಿನಷ್ಟೇ ದಪ್ಪ. ಕೋಲಕ್ಕ ಗಂಡನ ಮುಂದೆ ಕಟ್ಟು ಕುಕ್ಕಿ ಹೇಳುತ್ತಿದ್ದಳು: "ನೋಡಿ, ಯಾರು ಹೇಳಿದ್ದು ಜನ ಹೋಗಲ್ಲ ಅಂತ?" ಟೈಲರ್ ಸೂಜಿಗೆ ದಾರ ಪೋಣಿಸುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಡ್ರೈವರ್ ಕಟ್ಟನ್ನು ಇಳಿಸಿ, ಹೋಗದೆ ನಿಂತ. ಮುಖದಲ್ಲಿ ಯಾವತ್ತಿನ ಚೇಷ್ಟೆ ಇರಲಿಲ್ಲ. "ಅಕ್ಕಾ, ಬರೋ ವಾರದಿಂದ ಬಸ್ಸು ಈ ಸುತ್ತು ಹಾಕಲ್ಲ. ಹೊಸ ರಸ್ತೇಲಿ ಸೀದಾ ಹೋಗುತ್ತೆ. ಮೇಲಿನವರ ಆರ್ಡರು."

"ಹಾಗಾದ್ರೆ ಕೋಲು?"

"ಕೋಲಿಗೆ ಅಂತ ಬಸ್ಸು ಬಿಡ್ತಾರೇನಕ್ಕಾ?"

ಅವನು ಹೋದ ಮೇಲೆ ಕೋಲಕ್ಕ ಕಟ್ಟಿನ ಮುಂದೆ ಕೂತಳು. ಯಾವತ್ತೂ ಸಿಡುಕುತ್ತಾ ಬಿಚ್ಚಿ ಒರಗಿಸುತ್ತಿದ್ದವಳು ಅವತ್ತು ಒಂದೊಂದೇ ಕೋಲನ್ನು ಕೈಯಲ್ಲಿ ಹಿಡಿದು ಸವರಿದಳು. ಸವರುತ್ತಾ ಸವರುತ್ತಾ ಕೈ ತಡೆಯಿತು. ಹಿಡಿಯ ಅಂಚು ಏನೋ ಬೇರೆ. ಇನ್ನೊಂದು ನೋಡಿದಳು. ಅದೂ ಹಾಗೇ. ಅವಳು ಹೆರೆದರೆ ಹೆರೆತ ಒಂದು ಕಡೆಗೆ ವಾಲುತ್ತದೆ. ಇವೆಲ್ಲ ಇನ್ನೊಂದು ಕಡೆಗೆ ವಾಲಿದ್ದವು. ಎಡಗೈಯವರು ಹೆರೆದ ಕೋಲುಗಳು. ಎದ್ದು ಗೋಡೆಗೆ ಒರಗಿಸಿದ್ದನ್ನೆಲ್ಲ ಬೆಳಕಿಗೆ ತಂದು ನೋಡಿದಳು. ತನ್ನ ಕೈಯದು ಬೆರಳೆಣಿಕೆಯಷ್ಟು. ಮಿಕ್ಕದ್ದೆಲ್ಲ ಎಡಗೈಯದು, ಅಂಕುಡೊಂಕು, ಅಲ್ಲಲ್ಲಿ ತೊಗಟೆ ಉಳಿದದ್ದು, ಆದರೆ ಅಂಚು ಮಾತ್ರ ಅಂಗೈಗೆ ಚುಚ್ಚದಂತೆ ಎಷ್ಟು ಸಲ ಹೆರೆದಿತ್ತೋ!

"ಮತ್ತೆ ನಾನು ಕೊಟ್ಟ ಕೋಲೆಲ್ಲ ಎಲ್ಲಿ ಹೋದ್ವು?" ಎಂದಳು.

ಟೈಲರ್ ಯಂತ್ರ ನಿಲ್ಲಿಸಿದ. "ಆಡಿನವನ ದೊಡ್ಡಿ ಬೇಲಿ ನೋಡಿದ್ದೀಯಾ? ಹೋದ ತಿಂಗಳು ಹೊಸದಾಗಿ ಕಟ್ಟಿದಾನೆ. ಒಳ್ಳೇ ನುಣುಪಾಗಿದೆ. ಹುಲ್ಲಿನ ಹೆಂಗಸರ ಒಲೇಲಿ ಒಂದಷ್ಟು ಉರಿದಿವೆ. ನಿನ್ನ ಮುಖ ನೋಡಿ ಯಾರಿಗೂ ಹೇಳೋಕೆ ಮನಸ್ಸು ಬರಲಿಲ್ಲ ಕಣೇ."

ಅಂದರೆ ಆ ಕಡೆ ಇಳಿದ ಕೋಲು ಒಂದೋ ಎರಡೋ. ಅಲ್ಲಿ ಒಬ್ಬಳು ಅಕ್ಕನ ಕಟ್ಟು ಚಿಕ್ಕದಾಗಬಾರದು ಎಂದು ಪೊದೆಗೆ ನುಗ್ಗಿ, ಕೋಲು ಕಡಿದು, ಬಾರದ ಕೈಯಲ್ಲಿ ಹೆರೆದು, ದಿನಾ ಬಸ್ಸಿಗೆ ಹಾಕುತ್ತಿದ್ದಾಳೆ. ಕೋಲಕ್ಕ ಆ ಕೋಲುಗಳನ್ನೆಲ್ಲ ಮಡಿಲಿಗೆ ಎಳೆದುಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳುವಿನ ಮಧ್ಯೆಯೇ, "ಎಷ್ಟು ಕೆಟ್ಟದಾಗಿ ಹೆರೆದಿದ್ದಾಳೆ ನೋಡಿ, ಎಡಚಿ" ಎಂದಳು.

ಮರುದಿನ ಬಸ್ಸು ಬರುವ ಮೊದಲೇ ಅವಳು ಹೊರಟಳು. "ಬಸ್ಸಲ್ಲಿ ಹೋಗು ಮಾರಾಯ್ತಿ, ಮಂಡಿ ಸರಿಯಿಲ್ಲ" ಎಂದ ಟೈಲರ್. ಬಸ್ಸು ಬರುವವರೆಗೆ ಕೂತರೆ ತನ್ನ ಹಾಳು ಸಿಟ್ಟು ಮತ್ತೆ ತಲೆಯೆತ್ತಿದರೆ? ಅದೇ ಅವಳ ಭಯ. ತಂಗಿ ಹೆರೆದ ಕೋಲುಗಳಲ್ಲಿ ಒಂದನ್ನು ಹಿಡಿದು ಗುಡ್ಡದ ದಾರಿಗೆ ಬಿದ್ದಳು. ಇಷ್ಟು ವರ್ಷ ಊರವರನ್ನೆಲ್ಲ ಹತ್ತಿಸಿದವಳು ತಾನು ಹತ್ತಿ ಎಷ್ಟು ಕಾಲವಾಗಿತ್ತೋ. ಮಂಡಿ ಒಂದೊಂದು ಹೆಜ್ಜೆಗೂ ಚುಳುಕ್ ಎನ್ನುತ್ತಿತ್ತು. ದಾರಿಯಲ್ಲಿ ಹುಲ್ಲು ಬೆಳೆದು ಕಾಲಿಗೆ ತೊಡರುತ್ತಿತ್ತು. ಅಲ್ಲಲ್ಲಿ ಕೂತು, ಏನು ಹೇಳಬೇಕೆಂದು ಬಾಯಿಪಾಠ ಮಾಡಿದಳು. 'ತಪ್ಪಾಯ್ತು' ಎನ್ನಲು ನಾಲಗೆ ಹೊರಳಲಿಲ್ಲ. 'ಇಬ್ಬರದೂ ತಪ್ಪು' ಎನ್ನೋಣವೆಂದುಕೊಂಡಳು. ಹಾಗಂದರೆ ಅವಳು ಮತ್ತೆ ಸಿಡುಕಿದರೆ? ತುದಿಯಲ್ಲಿ ಇಬ್ಬರು ಕಾರಿನವರು ಬಂಡೆಗೆ ಕಿವಿ ಕೊಟ್ಟು ನಿಂತಿದ್ದರು. "ಇದು ಯಾವಾಗ ಸಿಳ್ಳೆ ಹಾಕುತ್ತೆ?" ಎಂದು ಕೇಳಿದರು. ಕೋಲಕ್ಕ ಅವರನ್ನು ದಾಟಿಕೊಂಡು ಆ ಕಡೆಗೆ ಇಳಿದಳು.

ಟೀ ಅಂಗಡಿ ಬಾಗಿಲು ಹಾಕಿತ್ತು.

"ಬೆಳಗಿನ ಬಸ್ಸಲ್ಲೇ ಹೋದಳಲ್ಲಾ" ಎಂದಳು ಪಕ್ಕದ ಮನೆಯವಳು. "ಅಕ್ಕನ ಮನೆಗೆ ಹೋಗ್ತೀನಿ ಅಂತಿದ್ದಳು. ಬಸ್ಸು ನಿಲ್ಲುತ್ತಂತೆ ಅಂತ ನಿನ್ನೆಯೆಲ್ಲ ಅತ್ತಿದ್ದಾಳೆ."

ನೋಡಿ, ಗ್ರಹಚಾರ! ಇವಳು ಗುಡ್ಡದ ಮೇಲೆ, ಅವಳು ಬಸ್ಸಿನಲ್ಲಿ ಸುತ್ತು ಹಾಕಿಕೊಂಡು. ಕೋಲಕ್ಕ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಳು. ಮಂಡಿ ಊದಿಕೊಂಡಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಬಂದೇ ಬರುತ್ತಾಳೆ, ಅದೇ ಬಸ್ಸು ಇಲ್ಲಿಗೇ ತಾನೇ ಬರಬೇಕು ಎಂದು ರಸ್ತೆಯ ತಿರುವಿನ ಮೇಲೆ ಕಣ್ಣಿಟ್ಟಳು. ಬಸ್ಸು ಬಂತು. ಇಳಿದವರು ಯಾರೂ ಇಲ್ಲ.

"ಎಲ್ಲಪ್ಪಾ ಅವಳು?"

ಡ್ರೈವರ್ ಬೆಪ್ಪಾಗಿ ನೋಡಿದ. "ನೀನು ಇಲ್ಲಿದ್ದೀಯಾ! ಅವಳನ್ನ ನಿಮ್ಮನೆ ಮುಂದೇನೇ ಇಳಿಸಿದೆನಲ್ಲಕ್ಕಾ. ವಾಪಸ್ ಹೊರಡೋವಾಗ ಹಾರ್ನ್ ಹೊಡೆದೆ, ಹತ್ತಲಿಲ್ಲ."

ಕೋಲಕ್ಕ ಬಸ್ಸಿನ ಖಾಲಿ ಸೀಟುಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದಳು. ಅಕ್ಕ ಗುಡ್ಡ ಹತ್ತಿ ನಿನ್ನ ಮನೆಗೇ ಹೋದಳು ಎಂದು ಟೈಲರ್ ಹೇಳದೇ ಇರುತ್ತಾನೆಯೇ? ಹೇಳಿದ ಮೇಲೂ ಬಸ್ಸು ಹತ್ತಲಿಲ್ಲವೆಂದರೆ? ಅಕ್ಕನ ಮುಖ ನೋಡುವುದು ಬೇಡವೆಂದೇ ಉಳಿದಳೇ? ಅಲ್ಲಿಯವರೆಗೆ ಬಂದವಳಿಗೂ ಕೊನೆಗಳಿಗೆಯಲ್ಲಿ ಹಳೆಯ ಮಾತು ನೆನಪಾಯಿತೇ? ಆಗಲೂಬಹುದು. ತಾನೇನು ಕಡಿಮೆ ಅಂದಿದ್ದಳೇ? ಎದ್ದು ನಿಲ್ಲಲು ಹೋದರೆ ಮಂಡಿ ಏಳಗೊಡಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದಳು.

"ಬುದ್ಧಿ ಇದ್ಯಾ ನಿನಗೆ?"

ದನಿ ಬೆನ್ನ ಹಿಂದಿನಿಂದ ಬಂತು, ಗುಡ್ಡದ ಕಡೆಯಿಂದ. ತಂಗಿ ನಿಂತಿದ್ದಳು. ಕೂದಲು ಕೆದರಿತ್ತು, ಸೀರೆಯ ಅಂಚು ಮುಳ್ಳಿಗೆ ಸಿಕ್ಕಿ ಹರಿದಿತ್ತು, ಮೊಣಕೈ ತರಚಿ ರಕ್ತ ಬಂದಿತ್ತು.

"ಆ ಮಂಡಿ ಇಟ್ಕೊಂಡು ಯಾರಾದ್ರೂ ಗುಡ್ಡ ಹತ್ತುತ್ತಾರಾ? ಭಾವ ಹೇಳಿದ ತಕ್ಷಣ ನನಗೆ ಕೈಕಾಲೇ ಆಡಲಿಲ್ಲ."

"ಬಸ್ಸಲ್ಲಿ ಬರೋದಲ್ವೇನೇ?" ಎಂದಳು ಕೋಲಕ್ಕ. ಬಾಯಿಪಾಠ ಮಾಡಿಕೊಂಡ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಬಸ್ಸಲ್ಲಿ ಹೇಗೆ ಬರಲಿ? ನೀನು ದಾರೀಲಿ ಎಲ್ಲಾದ್ರೂ ಬಿದ್ದಿದ್ರೆ? ಒಂದೊಂದು ಪೊದೆನೂ ಸರಿಸಿ ನೋಡ್ಕೊಂಡು ಬಂದೆ. ಕೂಗಿ ಕೂಗಿ ಗಂಟಲು ಹರಿದುಹೋಯ್ತು. ನೀನು ನೋಡಿದ್ರೆ ಇಲ್ಲಿ ಮಹಾರಾಣಿ ಥರ ಬೆಂಚಿನ ಮೇಲೆ ಕೂತಿದ್ದೀಯ!"

ಹೇಳುತ್ತಾ ಹೇಳುತ್ತಾ ಅವಳ ಬಾಯಿ ಸೊಟ್ಟಗಾಯಿತು. ಕೋಲಕ್ಕ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಎಡ ಅಂಗೈ ತಿರುಗಿಸಿ ನೋಡಿದಳು. ಮಚ್ಚು ಹಿಡಿದು ಹಿಡಿದು ಬೊಬ್ಬೆ ಎದ್ದು ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಕೋಲಕ್ಕನ ಕಣ್ಣೀರು ಟಪ ಟಪ ಬಿತ್ತು.

"ಇಷ್ಟೆಲ್ಲ ಕಷ್ಟಪಟ್ಟು ಕೋಲು ಕಳಿಸೋ ಬದಲು, ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತೇ ನಿನಗೆ?"

"ಮಾತು ಕಳಿಸಿದ್ರೆ ನೀನು ವಾಪಸ್ ಕಳಿಸಿಬಿಡ್ತೀಯ ಅಂತ ಭಯ ಆಗ್ತಿತ್ತಕ್ಕಾ" ಎಂದಳು ತಂಗಿ. "ಕೋಲಾದ್ರೆ ಒಳಗೆ ತಗೋತಿದ್ದೆ."

ಕೋಲಕ್ಕ ತಂಗಿಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಕೂದಲಲ್ಲಿದ್ದ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಮೂರನೆಯ ಸಲ ಕಿಟಕಿಯಿಂದ ತಲೆ ಹಾಕಿ, "ಹತ್ತುತ್ತೀಯೇನಕ್ಕಾ, ಹೊರಡಲಾ?" ಎಂದು ಕೇಳಿದ.

"ನೀನು ಹೋಗಪ್ಪಾ" ಎಂದಳು ಕೋಲಕ್ಕ. "ಒಲೆ ಮೇಲೆ ಅನ್ನ ಇದೆ, ಬಿಸಿ ಮಾಡ್ಕೊಂಡು ಊಟ ಮಾಡಬೇಕಂತೆ ಅಂತ ಟೈಲರ್‌ಗೆ ಹೇಳು. ನಾನು ನನ್ನ ತಂಗಿ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ."